ಎರವಲು ತಂದ ಡ್ರೈವ್

ಸಾವಿನ ಮನೆಯಿಂದ ಹೊರಡುವಾಗ 'ಹೋಗ್ಬರ್ತೀವಿ' ಎನ್ನಬಾರದು. ತಿಥಿಯೂಟ ಮುಗಿಸಿದ ನೆಂಟರೆಲ್ಲ ಮಾತಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರು. ಮರುದಿನ ಬೆಳಿಗ್ಗೆ ಮರಳೂರಿನ ಆ ಬಾಡಿಗೆ ಮನೆಗೆ ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಹಾಕಿದ. ಶಶಿರೇಖಾ ಒಂದನ್ನು ಕಾಸಿದಳು. ಇನ್ನೊಂದನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು.

"ಆ ಕಂಪ್ಯೂಟ್ರು ವೈರು ಕಾಲಿಗೆ ತೊಡರ್ತದೆ ಕಣವ್ವ. ಯಾರ್ದದು?" ಎಂದರು ಅತ್ತೆ ವನಜಮ್ಮ.

"ನಂಗೇ ಅಂತ ಜೋಡಿಸ್ತಿದ್ರು ಅತ್ತೆ. ಫ್ಲಾಪಿ ಡ್ರೈವ್ ಮಾತ್ರ ಇವರ ಫ್ರೆಂಡು ಗುಬ್ಬಿ ಲಕ್ಷ್ಮೀಕಾಂತ್ ಅವರ್ದು. ಎರವಲು."

"ಎರವಲಾ? ಹೋದೋನ ತಲೆಮ್ಯಾಲೆ ಅದೆಲ್ಲ ಇರಬಾರ್ದು. ಇವತ್ತೇ ಕೊಟ್ಬಂದ್ಬುಡು."

ಕೊಡಬಹುದಿತ್ತು. ಆದರೆ ಏನೆಂದು ಹೇಳಿ ಕೊಡುವುದು?

ಕೊನೆಯ ಸಂಜೆ ಗಂಡ ಶಿವಮೂರ್ತಿ ಹೊಸ ಹಾರ್ಡ್ ಡಿಸ್ಕಿಗೆ ವಿಂಡೋಸ್ ಹಾಕಲು ಕೂತಿದ್ದ. ಡಿಸ್ಕ್ ಒಳಗೇ ಇತ್ತು, ಪರದೆ ಮಾತ್ರ ಇಲ್ಲವೆಂದೇ ಹೇಳುತ್ತಿತ್ತು. ಅದನ್ನು ಗುರುತು ಹಿಡಿಸುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ಫ್ಲಾಪಿಯಿಂದಲೇ ಕೊಡಬೇಕು, ಆದರೆ ಎರವಲು ಡ್ರೈವ್ ಫ್ಲಾಪಿಯನ್ನು ಓದಲಿಲ್ಲ. ಅವನು ರೇಗಿ ಗುಬ್ಬಿಗೆ, ಲಕ್ಷ್ಮೀಕಾಂತನಿಗೆ, ಫೋನ್ ಮಾಡಿದ್ದ: "ಕೆಟ್ಟೋಗಿರೋದನ್ನ ನನ್ನ ತಲೆಗೆ ಕಟ್ಟಿದೀಯೇನ್ಲಾ? ಇನ್ಮೇಲೆ ನನ್ನ ಮಾತಾಡಿಸ್ಬೇಡ."

ಮರುದಿನ ಬೆಳಿಗ್ಗೆ ಶಿವಮೂರ್ತಿ ಎದೆ ಹಿಡಿದುಕೊಂಡು ಕುಸಿದ. ಮಣ್ಣಿನ ದಿನ ಲಕ್ಷ್ಮೀಕಾಂತ ಗೇಟಿನಾಚೆಯೇ ನಿಂತು ಹೋದ. ತಿಥಿಗೆ ಬರಲಿಲ್ಲ.

ಶಶಿರೇಖಾ ಸ್ವಿಚ್ ಹಾಕಿದಳು. ಫ್ಲಾಪಿ ಡ್ರೈವಿನ ಹಸಿರು ದೀಪ ಹತ್ತಿತು, ಆರಲೇ ಇಲ್ಲ. ಗಂಡನ ಪಕ್ಕ ಕೂತು ನೋಡಿ ನೋಡಿ ಅವಳಿಗೆ ಗೊತ್ತಿತ್ತು, ಅದು ಓದುವಾಗಷ್ಟೇ ಉರಿಯಬೇಕು. ಕರೆಂಟ್ ತೆಗೆದು ಒಳಗೆ ಬಗ್ಗಿ ನೋಡಿದಳು. ಪಟ್ಟಿಯಂಥ ಕೇಬಲಿನ ಕೆಂಪಂಚು ಒಂದನೆಯ ಪಿನ್ನಿನ ಕಡೆಗಿರಬೇಕಿತ್ತು. ಇದು ಆಚೆ ಬದಿಗಿತ್ತು. ಅವನೇ ಆತುರದಲ್ಲಿ ತಿರುಗಿಸಿ ಹಾಕಿದ್ದ.

ಕಿತ್ತು, ಸರಿಯಾಗಿ ಸಿಕ್ಕಿಸಿದಳು. ಅವನ ಬೆರಳು ಒತ್ತಿದ್ದ ಜಾಗವನ್ನೇ ಒತ್ತಿದಳು.

ನೀಲಿ ಪರದೆಯ ತಳದಲ್ಲಿ ಸೂಚನೆ ಮೂಡಿದೊಡನೆ ಎಫ್-ಸಿಕ್ಸ್ ಕೀ ಒತ್ತಬೇಕು. ಮೊದಲ ಸಲ ಕೈ ತಡವಾಯಿತು. ಮತ್ತೆ ಶುರು ಮಾಡಿದಳು. ತಿರುಗಿದ ಕೇಬಲಿನಿಂದಾಗಿ ಅವನು ಬಳಸಿದ್ದ ಫ್ಲಾಪಿ ಹಾಳಾಗಿತ್ತು, ಈಗಲೂ ಓದಲಿಲ್ಲ. ಅದರ ಜೊತೆಗಿದ್ದ ಇನ್ನೊಂದನ್ನು ಹಾಕಿದಳು. ದೀಪ ಮಿಣುಕಿತು, ಆರಿತು, ಮತ್ತೆ ಮಿಣುಕಿತು. ಪರದೆಯ ಮೇಲೆ ಡಿಸ್ಕಿನ ಹೆಸರು ಬಂತು.

"ನೋಡ್ರೀ" ಎಂದು ತಿರುಗಿದಳು. ಕುರ್ಚಿಯ ಬೆನ್ನಿಗೆ ಟವೆಲ್ ನೇತಾಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ವಿಂಡೋಸ್ ಕೂತಿತು. ಡ್ರೈವನ್ನೂ ಅದರ ಕೇಬಲನ್ನೂ ಬಿಚ್ಚಿ, ಅದೇ ಟವೆಲಿನಲ್ಲಿ ಸುತ್ತಿಕೊಂಡು ಗುಬ್ಬಿ ಬಸ್ಸು ಹತ್ತಿದಳು.

ತನ್ನ ಅಂಗಡಿಯಲ್ಲಿ ಲಕ್ಷ್ಮೀಕಾಂತ ಅವಳನ್ನು ಕಂಡು ಎದ್ದು ನಿಂತ. ಟವೆಲ್ ನೋಡಿ ತಲೆ ತಗ್ಗಿಸಿದ. "ಅದನ್ಯಾಕೆ ಹೊತ್ಕೊಂಡ್ ಬಂದ್ರಿ ಅತ್ತಿಗೆ? ಕೆಟ್ಟೋಗಿರೋದು. ಎಸೆಯೋದಲ್ವಾ."

"ಕೆಟ್ಟಿಲ್ಲ. ಅವರೇ ಕೇಬಲ್ ತಿರುಗಿಸಿ ಹಾಕಿದ್ರು."

ಲಕ್ಷ್ಮೀಕಾಂತ ಬಾಯಿ ಬಿಟ್ಟುಕೊಂಡು ನೋಡಿದ. "ಥೂ ನನ್ಮಗನೇ! ಅವತ್ತೇ ಬಡ್ಕೊಂಡೆ, ಕೇಬಲ್ ನೋಡ್ಲಾ ಅಂತ. ಕೇಳಿಸ್ಕೊಂಡ್ರೆ ತಾನೆ..." ತಟ್ಟನೆ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು ಅತ್ತಿಗೆ."

"ಬೈಯ್ರಿ," ಎಂದಳು ಶಶಿರೇಖಾ. ಇಷ್ಟು ದಿನ ಎಲ್ಲರೂ ಅವನನ್ನು ದೇವರಂಥವನು ಎಂದಿದ್ದರು. ಬದುಕಿರುವವನನ್ನು ಬೈದಂತೆ ಬೈದವನು ಇವನೊಬ್ಬನೇ.

ಲಕ್ಷ್ಮೀಕಾಂತ ಬೈಯಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

ಅವಳು ಟವೆಲ್ ಬಿಚ್ಚಿ ಮಡಿಸಿಟ್ಟುಕೊಂಡಳು. ಡ್ರೈವನ್ನೂ ಕೇಬಲನ್ನೂ ಅವನ ಕೈಗೇ ಕೊಟ್ಟಳು.

"ಬರ್ತೀನಿ," ಎಂದಳು.