ಹಾಸಿನ ಗಂಜಿ

ಮದುವೆಯಾಗಿ ಗಜೇಂದ್ರಗಡಕ್ಕೆ ಬಂದು ಮೂರು ವರ್ಷವಾದರೂ ಸುಶೀಲವ್ವನ ಅಡುಗೆಯ ಬಗ್ಗೆ ಆ ನೇಕಾರರ ಮನೆಯಲ್ಲಿ ಯಾರೂ ಏನೂ ಅಂದಿರಲಿಲ್ಲ. ಕೆಟ್ಟದ್ದನ್ನೂ ಅಂದಿರಲಿಲ್ಲ. ಅತ್ತೆ ವೀರವ್ವ ಉಂಡು ಕೈ ತೊಳೆಯುತ್ತಿದ್ದಳು, ಗಂಡ ಮುತ್ತಪ್ಪ ಉಂಡು ಮಗ್ಗದ ಕುಣಿಗೆ ಇಳಿಯುತ್ತಿದ್ದ. ಒಮ್ಮೆ, ಒಂದೇ ಒಮ್ಮೆ, ‘ಚಲೋ ಆಗೇತಿ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕೆಂದು ರೊಟ್ಟಿ ಬಡಿಯುವಾಗಲೆಲ್ಲ ಅಂದುಕೊಳ್ಳುತ್ತಿದ್ದಳು.

ಹೊಳೆಆಲೂರಿನಿಂದ ಮುತ್ತಪ್ಪನ ಸೋದರಮಾವ ತೋಟಪ್ಪ ಹೇಳದೆ ಕೇಳದೆ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದಿಳಿದ. ಒಲೆಯ ಮೇಲೆ ಇದ್ದದ್ದು ಮೂವರಿಗಾಗುವಷ್ಟು ಬದನೆಯ ಎಣಗಾಯಿ. ಕಾಯಿಯನ್ನು ಸೀಳಿ ಹಂಚಬಹುದು, ರಸವನ್ನು ಸೀಳಲಾಗುವುದಿಲ್ಲ. ಸುಶೀಲವ್ವ ಎರಡು ತಂಬಿಗೆ ನೀರು ಸುರಿದಳು. ರೊಟ್ಟಿಯ ತುಣುಕು ಅದ್ದಿ ನೋಡಿದರೆ ರಸ ರೊಟ್ಟಿಯನ್ನು ಹಿಡಿಯದೆ ಬೆರಳಗುಂಟ ಮೊಣಕೈಗೆ ಇಳಿಯಿತು. ಶೇಂಗಾಪುಡಿ ಮುಗಿದಿತ್ತು. ಹೊರಗೆ ತಾಟು ಇಡುವ ಸದ್ದು ಕೇಳಿತು.

ಪಕ್ಕದಲ್ಲಿ, ಮಗ್ಗದ ಉದ್ದಕ್ಕೆ ಹೂಡುವ ಹಾಸಿನ ನೂಲು ಗಟ್ಟಿಯಾಗಲೆಂದು ಬಳಿಯಲು ಅತ್ತೆ ಕಾಸಿಟ್ಟ ಜೋಳದ ಗಂಜಿ ಇತ್ತು. ಸುಶೀಲವ್ವ ಐದು ಸೌಟು ತೆಗೆದು ಎಣಗಾಯಿಗೆ ಹಾಕಿ, ತಿರುವಿ, ನೆಂಟರ, ಗಂಡನ, ಅತ್ತೆಯ ತಾಟಿಗೆ ಬಡಿಸಿದಳು.

“ಏನವ್ವಾ ಸುಶೀಲಾ, ರಸ ಅಂದ್ರ ಇದು!” ಎಂದ ತೋಟಪ್ಪ. “ರೊಟ್ಟಿ ಬಿಟ್ಟು ಕದಲವಲ್ದು. ನಮ್ಮ ಮನ್ಯಾಕಿ ಮಾಡಿದ್ದು ತಾಟಿನ್ಯಾಗ ಈಜ್ಯಾಡತೈತಿ.”

“ಹೌದು,” ಎಂದ ಮುತ್ತಪ್ಪ. “ಇವತ್ತ ಚಲೋ ಆಗೇತಿ.”

ಮೂರು ವರ್ಷ ಕಾದ ಮಾತು ಬಂತು. ಗಂಜಿಗೆ ಬಂತು. ಸುಶೀಲವ್ವ ಇನ್ನೊಂದು ರೊಟ್ಟಿ ತರಲು ಒಳಗೆ ಹೋದಳು.

ನೆಂಟರು ಹೋದ ಮೇಲೆ ಮುತ್ತಪ್ಪ ಹಾಸು ಕಟ್ಟಿ ಗಂಜಿ ಬಳಿಯತೊಡಗಿದ. ಅರ್ಧಕ್ಕೇ ಗಡಿಗೆ ಬರಿದಾಯಿತು.

“ಯವ್ವಾ, ಗಂಜಿ ಯಾಕ ಸಾಲಲಿಲ್ಲ?”

ವೀರವ್ವ ಗಡಿಗೆಯನ್ನು ನೋಡಿದಳು. ಸೊಸೆಯನ್ನು ನೋಡಿದಳು. “ಹಿಟ್ಟ ಕಡಿಮಿ ಬಿದ್ದಿರಬೇಕು,” ಎಂದಳು.

ಮರುದಿನ ಬೆಳಿಗ್ಗೆ ವೀರವ್ವ ಮತ್ತೆ ಗಂಜಿ ಕಾಸಿದಳು. ನೂಲು ನುಣುಪಾಗಲೆಂದು ಅದಕ್ಕೆ ಎಣ್ಣೆ ಬೆರೆಸುವ ಮೊದಲು ಒಂದು ಬಟ್ಟಲಿಗೆ ಬಗ್ಗಿಸಿ, ಒಲೆಯ ಕಡೆಗೆ ಸರಿಸಿದಳು.

“ಎಣ್ಣಿ ಹಾಕೂಕಿಂತ ಮದಲ ತಗೀಬೇಕು. ನಿನ್ನಿದು ವಾಸನಿ ಬರತಿತ್ತು.”

ಸುಶೀಲವ್ವನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. “ನಿಮಗ ಗೊತ್ತಾಗಿತ್ತೇನ್ರಿ ಅತ್ತಿ?”

“ನಾನೂ ಈ ಮನಿಗೆ ಸೊಸಿಯಾಗೇ ಬಂದಾಕಿ.”

“ರುಚಿ... ಹ್ಯಾಂಗಿತ್ರಿ?”

ವೀರವ್ವ ಗಂಜಿ ತಿರುವುವುದನ್ನು ನಿಲ್ಲಿಸಲಿಲ್ಲ.

“ಎರಡು ಸಲ ನೀಡಿಸ್ಕೊಂಡೆ. ನೋಡಲಿಲ್ಲೇನು?”