ಭೀಮಾಶಂಕರನ ಒಂದು ಬೆರಳು ಮತ್ತು ಮೂರು ಕೀ

ಹಲಸೂರಿನ ಆ ಪಾರ್ಸೆಲ್ ಆಫೀಸಿಗೆ ಎರಡು ಸಾವಿರದ ಒಂದರಲ್ಲಿ ಹೊಸ ಕಂಪ್ಯೂಟರುಗಳನ್ನು ಕೂರಿಸಿದವನು ನಾನೇ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ನನ್ನ ಸ್ಕ್ರೂಡ್ರೈವರ್ ಕಂಡರೆ ಸಾಕು, ಕೆಟ್ಟ ಯಂತ್ರಗಳು ಹೆದರಿ ತಾವಾಗಿಯೇ ಸರಿಹೋಗುತ್ತಿದ್ದ ಕಾಲ. ನಾನು ಸ್ವಿಚ್ ಹಾಕಿದ ಮಧ್ಯಾಹ್ನ ಅಷ್ಟೂ ತೆರೆಗಳ ನೀಲಿ ಬೆಳಕು ಗೋಡೆ, ಫೈಲು, ಮುಖಗಳ ಮೇಲೆಲ್ಲ ಹರಡಿ, ಆಫೀಸು ನೆಲ ಬಿಟ್ಟು ಒಂದು ಗೇಣು ಮೇಲೆದ್ದಿತು. ಗುಮಾಸ್ತರು ಮೋಡದ ಮೇಲೆ ನಡೆದಂತೆ ಮೆಲ್ಲಗೆ ಓಡಾಡಿದರು. ನಂಬದವರು ಬಿಡಿ, ಇಳಿಯುವಾಗ ನನಗಂತೂ ಕಾಲು ಉಳುಕಿತು.

ನೆಲದಲ್ಲೇ ಉಳಿದವನು ಭೀಮಾಶಂಕರ. ಗುಲ್ಬರ್ಗಾ ಕಡೆಯ ಈ ಗುಮಾಸ್ತನ ಕೆಲಸ ಪಾರ್ಸೆಲುಗಳ ವಿವರ ಟೈಪ್ ಮಾಡುವುದು. ಮಗುವಾಗಿದ್ದಾಗ ಒಲೆಗೆ ಬಿದ್ದು ಎರಡೂ ಕೈಗಳ ಬೆರಳುಗಳು ಮಡಚಿ ಅಂಟಿಹೋಗಿದ್ದವು. ಬಲಗೈ ತೋರುಬೆರಳೊಂದೇ ನೆಟ್ಟಗಿತ್ತು. ಹಳೆಯ ಯಂತ್ರಕ್ಕೆ ಅದೇ ಧಾರಾಳವಾಗಿತ್ತು. ಆ ಬೆರಳು ಓಡುವ ರಭಸಕ್ಕೆ ಪಕ್ಕದವರಿಗೆ ಫ್ಯಾನ್ ಬೇಕಿರಲಿಲ್ಲ. ಹೊಸದು ಮಾತ್ರ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಗಳನ್ನು ಒಟ್ಟಿಗೆ ಒತ್ತದಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಬೀಗ ಹಾಕಿಕೊಳ್ಳುತ್ತಿತ್ತು. ಉಳಿದ ಕೀಗಳಿಗೆಂದು ಮೊಣಕೈ ಊರಿದರೆ ಅರ್ಧ ಕೀಬೋರ್ಡೇ ಒತ್ತಿಹೋಗುತ್ತಿತ್ತು.

ಪ್ರತಿ ಸಲ ಪಕ್ಕದ ಸೀಟಿನ ಯಮುನಾ ಎದ್ದು ಬಂದು ಒತ್ತಬೇಕು. ಕರೆಯಲು ಸಂಕೋಚಪಟ್ಟು ಭೀಮಾಶಂಕರ ಚಹಾಕ್ಕೆ ಏಳುವುದನ್ನೇ ಬಿಟ್ಟ. ನಡುವೆ ಏಳಬೇಕಾದೀತೆಂದು ನೀರು ಕುಡಿಯುವುದನ್ನೂ ಬಿಟ್ಟ.

"ಒತ್ತೋಕೆ ಜನ ಇದ್ದಾರಲ್ರೀ, ಏನ್ ಪ್ರಾಬ್ಲಮ್ಮು?" ಎಂದಿದ್ದ ಮ್ಯಾನೇಜರ್ ಲಕ್ಷ್ಮಿಕಾಂತ, ಯಮುನಾಳ ಕೆಲಸ ಹಿಂದೆ ಬಿದ್ದೊಡನೆ ರಾಗ ಬದಲಿಸಿದ. "ಸೋಮವಾರದಿಂದ ಗೋಡೌನಲ್ಲಿ ಇರಿ. ಸಂಬಳ ಅಷ್ಟೇ ಬರತ್ತೆ."

"ಅಲ್ಲಿ ನಾ ಏನ್ ಮಾಡ್ಲಿರಿ? ಮೂಟಿ ಎತ್ತಾಕ ಬರ್ತದೇನ್ರಿ ಈ ಕೈಗೆ?"

"ಸುಮ್ನೆ ಕೂತಿರಿ."

"ಸುಮ್ನ ಕೂಡಾಕ ಇಷ್ಟು ದೂರ ಬಂದಿಲ್ರಿ ನಾ."

ಶನಿವಾರ ಯಮುನಾಳಿಂದ ನನಗೆ ಬುಲಾವ್ ಬಂತು. ಬಟ್ಟೆ ಒಣಗಿಸುವ ಕ್ಲಿಪ್ಪು, ರಬ್ಬರ್ ಬ್ಯಾಂಡು, ರಸೆಲ್ ಮಾರ್ಕೆಟ್ಟಿನಿಂದ ತಂದ ತೂಕದ ಕಲ್ಲು, ಎಲ್ಲವನ್ನೂ ಕೀಗಳ ಮೇಲೆ ಪ್ರಯೋಗಿಸಿದೆ. ಕೀಬೋರ್ಡು ಅತ್ತಿತು. ಭೀಮಾಶಂಕರನಿಗೆ ಧೈರ್ಯ ತುಂಬೋಣವೆಂದು ನನ್ನ ಒಂದು ಪರಾಕ್ರಮ ಹೇಳತೊಡಗಿದೆ: ಕಮ್ಮನಹಳ್ಳಿಯ ಕಂಪ್ಯೂಟರೊಂದು ನನ್ನ ಹೆಜ್ಜೆ ಸಪ್ಪಳ ಕೇಳಿಯೇ ವೈರಸ್ ಉಗುಳಿ, ನನಗೆ ಕೈಮುಗಿದದ್ದು.

"ಕಂಪ್ಯೂಟರ್‌ಗೆ ಕೈ ಎಲ್ಲಿತ್ತು ಗುರು?" ಎಂದಳು ಯಮುನಾ. "ಬೇಗ ಮುಗ್ಸು, ಟಿನ್ ಫ್ಯಾಕ್ಟರಿ ಬಸ್ ಹೋಗ್ಬಿಡತ್ತೆ."

ಬೀಗ ಬಿದ್ದ ಯಂತ್ರದ ಮುಂದೆ ಕೂತಿದ್ದ ಅವಳ ಬೆರಳು, ಬೇಸರದಿಂದ (ಅಲ್ಲ, ನನ್ನ ಕಥೆ ಕೇಳಿದ ಆನಂದದಿಂದ!) ಶಿಫ್ಟ್ ಕೀಯನ್ನು ಟಕ, ಟಕ, ಟಕ ಎಂದು ಒಂದೇ ಸಮನೆ ಕುಟ್ಟುತ್ತಿತ್ತು. ಯಂತ್ರ 'ಕುಯ್' ಎಂದಿತು. ತೆರೆಯ ಮೇಲೆ ಪುಟ್ಟ ಪೆಟ್ಟಿಗೆಯೊಂದು ಕನಸಿನಂತೆ ತೇಲಿಬಂದು ಇಂಗ್ಲಿಷಿನಲ್ಲಿ ಕೇಳಿತು: ಕೀಗಳನ್ನು ಒಂದಾದ ಮೇಲೊಂದು ಒತ್ತುವಿರಾ?

"ಇದು ಮೊದ್ಲಿಂದ್ಲೂ ಒಳಗೇ ಇತ್ತಾ?" ಯಮುನಾ ನನ್ನತ್ತ ತಿರುಗಿದಳು.

"ನನ್ನ ಕಥೆ ಕೇಳಿ ಈಗ ಹುಟ್ತು."

"ಕೂರಿಸೋವಾಗ ಇವ್ರಿಗೆ ಏನ್ ಬೇಕು ಅಂತ ಒಂದ್ಮಾತು ಕೇಳಿದ್ಯಾ? ಬರೀ ನಿನ್ ಕಥೇನೇ ಆಯ್ತು."

ಎಂಟು ದಿಕ್ಕಿಗೂ ಉತ್ತರ ಕೊಡಬಲ್ಲ ನಾನು ಭೀಮಾಶಂಕರನನ್ನು ಕರೆದು ಯಂತ್ರದ ಮುಂದೆ ಕೂರಿಸಿದೆ.

ಪೆಟ್ಟಿಗೆಗೆ ಹೂಂ ಎಂದೆವು. ಲಕ್ಷ್ಮಿಕಾಂತನೂ ಬಂದು ನಿಂತ. ಭೀಮಾಶಂಕರ ಕಂಟ್ರೋಲ್ ಒತ್ತಿ ಬೆರಳು ತೆಗೆದ. ಆಲ್ಟ್. ಡಿಲೀಟ್. ಗೋಡೆ ಗಡಿಯಾರ ಉಸಿರು ಹಿಡಿಯಿತು. ತೆರೆ ತೆರೆದುಕೊಂಡಿತು.

"ಸರಿ ಬಿಡಿ, ಸೋಮವಾರ ಇಲ್ಲೇ ಬನ್ನಿ," ಎಂದ ಲಕ್ಷ್ಮಿಕಾಂತ.

ಭೀಮಾಶಂಕರ ಕುರ್ಚಿ ಹಿಂದೆ ಸರಿಸಿ ಎದ್ದ.

"ಎಲ್ಲಿಗ್ರೀ?"

"ಚಾ ಕುಡ್ದ್ ಬರ್ತೀನ್ರಿ."

"ಮತ್ತೆ ಲಾಕ್ ಆಗ್ಬಿಡತ್ತಲ್ರೀ!"

"ಆಗ್ಲಿ ಬಿಡ್ರಿ."

ಕೆಳಗೆ, ಹಲಸೂರು ಕೆರೆಯ ಪಕ್ಕದ ಗೂಡಂಗಡಿಯಲ್ಲಿ, ಎರಡೂ ಮುಂಗೈಗಳ ನಡುವೆ ಲೋಟ ಹಿಡಿದು ಅವನು ಅವಸರವಿಲ್ಲದೆ ಊದಿದ. ಆ ಉಸಿರಿಗೆ ಕೆರೆಯ ನೀರು ಆಚೆ ದಡದವರೆಗೂ ಸುಕ್ಕುಗಟ್ಟುತ್ತಾ ಹೋಯಿತು.