ಪೀರ್ ಪಾಷಾ ಹೊಲಿದ ಸೀಟು

ಮೆಹರುನ್ನೀಸಾ ಆ ಅಂಬಾಸಿಡರ್ ಕಾರಿನ ಗುರುತು ಹಿಡಿದದ್ದು ಅದರ ಹಿಂದಿನ ಬಂಪರಿನಿಂದ. ಇಪ್ಪತ್ತೆರಡು ವರ್ಷದ ಹಿಂದೆ ಅದೇ ಬಂಪರಿಗೆ ಅವಳ ಅಪ್ಪ ಪೀರ್ ಪಾಷಾನನ್ನು ಕಟ್ಟಿಹಾಕಿದ್ದರು.

ಸೋಮವಾರ ಬೆಳಿಗ್ಗೆ ಮದ್ದೂರಿನ ಅವಳ ಕುಶನ್ ಅಂಗಡಿಯ ಮುಂದೆ ಕಾರು ನಿಂತಿತು. ಇಳಿದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಅಮೃತ. ಮಳವಳ್ಳಿ ಕಡೆಯ ಕೆಂಪರಾಜುವಿನ ಸೊಸೆ ಎಂದು ತಾನೇ ಹೇಳಿಕೊಂಡಳು.

"ಅಕ್ಕ, ಭಾನುವಾರ ಮೈಸೂರಲ್ಲಿ ಹಳೇ ಕಾರುಗಳ ಮೆರವಣಿಗೆ ಐತೆ. ನಮ್ಮಾವ ಇದ್ರಲ್ಲೇ ಹೋಗ್ಬೇಕು ಅಂತ ಕುಂತವ್ರೆ. ಸೀಟ್ ಕವರು, ಕೆಳಗಿನ ಕಾರ್ಪೆಟ್ಟು ಎಲ್ಲಾ ಹೊಸದಾಗ್ಬೇಕು. ಮಂಡ್ಯದಲ್ಲಿ ಕೇಳಿದ್ರೆ ಫೋಮ್ ಹಾಕ್ತೀವಿ ಅಂತಾರೆ. ಸ್ಪ್ರಿಂಗು, ನಾರು ಉಳಿಸ್ಕಂಡು ಹಳೇ ತರ ಹೊಲಿಯೋರು ನೀವೊಬ್ರೇ ಅಂದ್ರು."

ಮೆಹರುನ್ನೀಸಾ ಕಾರಿನ ಹಿಂದಕ್ಕೆ ಹೋಗಿ ಬಂಪರನ್ನು ಮುಟ್ಟಿ ನೋಡಿದಳು.

ಅಪ್ಪನನ್ನು ಅದಕ್ಕೆ ಕಟ್ಟಿದಾಗ ಅವಳಿಗೆ ಇಪ್ಪತ್ತೈದು. ಅಪ್ಪ ಈ ಕಾರಿನ ಸೀಟು ಹೊಲಿದುಕೊಟ್ಟ ಎರಡನೇ ದಿನ ಕೆಂಪರಾಜು ಇಬ್ಬರು ಆಳುಗಳನ್ನು ಕಟ್ಟಿಕೊಂಡು ಬಂದಿದ್ದ. ಕಾರಿನಲ್ಲಿ ಬಿಟ್ಟಿದ್ದ ಹೆಂಡತಿಯ ಚಿನ್ನದ ಸರ ಕಾಣುತ್ತಿಲ್ಲ, ಪಾಷಾನೇ ಕದ್ದಿದ್ದಾನೆ ಎಂದ. ಅಂಗಡಿಯ ದಾರದಲ್ಲೇ ಅಪ್ಪನ ಕೈ ಬಿಗಿದು ಬಂಪರಿಗೆ ಕಟ್ಟಿ, ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿದ. ಮನೆಯ ಪೆಟ್ಟಿಗೆಗಳನ್ನು ಬೀದಿಗೆ ಸುರಿಸಿದ. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದು ಯಾರೂ ಹೇಳಿಕೊಂಡು ತಿರುಗಲಿಲ್ಲ. ಕಳ್ಳ ಪಾಷಾ ಎಂಬ ಹೆಸರು ಮಾತ್ರ ಉಳಿಯಿತು. ಅಂಗಡಿ ಒಂಬತ್ತು ವರ್ಷ ಮುಚ್ಚಿತ್ತು. ಅಪ್ಪ ಮತ್ತೆ ಸೂಜಿ ಹಿಡಿದದ್ದು ಮನೆಯೊಳಗೆ ಕೂತು ಮಗಳಿಗೆ ಕೆಲಸ ಕಲಿಸಲು ಮಾತ್ರ. ಅವಳು ಕಲಿತು, ಬೇರೆ ಹೆಸರಿನ ಬೋರ್ಡು ಹಾಕಿ ಅದೇ ಅಂಗಡಿ ತೆರೆದಳು.

"ಬುಟ್ಟೋಗಿ," ಎಂದಳು ಕೊನೆಗೆ. "ಬಿಚ್ಚಿ ನೋಡನ."

ಮಾಡಿಕೊಡುವ ಮನಸ್ಸು ಅವಳಿಗೆ ಇರಲಿಲ್ಲ. ಆ ಕಾರನ್ನು ತನ್ನ ಕೈಯಾರೆ ಬಿಚ್ಚಿ ಹಾಕಬೇಕು ಎಂಬ ಆಸೆಯಿತ್ತು. ಹಿಂದಿನ ಸೀಟಿನಲ್ಲಿ, ಕೆಂಪರಾಜುವಿನ ತೊಡೆ ಬರುವ ಜಾಗಕ್ಕೆ ಸರಿಯಾಗಿ ಒಂದು ಬಾಗಿದ ಸೂಜಿ ಬಿಟ್ಟು ಹೊಲಿದರೆ ಹೇಗೆ ಎಂದು ಅಂದು ಸಂಜೆಯವರೆಗೂ ಯೋಚಿಸಿದಳು.

ಮಾರನೇ ದಿನ ಕಾರ್ಪೆಟ್ಟು ಕಿತ್ತಳು. ಅಡಿಯ ತಗಡು ತುಕ್ಕು ಹಿಡಿದು ಎರಡು ಕಡೆ ತೂತಾಗಿ ರಸ್ತೆ ಕಾಣುತ್ತಿತ್ತು. ಆಮೇಲೆ ಸೀಟುಗಳನ್ನು ಹೊರಗೆಳೆದಳು. ಅಪ್ಪನ ಹೊಲಿಗೆ ಇನ್ನೂ ಗಟ್ಟಿಯಾಗಿತ್ತು, ಅಕ್ಕಿ ಕಾಳು ಜೋಡಿಸಿದ ಹಾಗೆ. ಆದರೆ ಹಿಂದಿನ ಸೀಟು ತಿರುವಿ ಹಾಕಿದಾಗ ಅವಳ ಕೈ ನಿಂತಿತು. ಎಡ ಮೂಲೆಯಲ್ಲಿ ಒಂದು ಗೇಣಿನಷ್ಟು ರೆಕ್ಸಿನ್ನನ್ನು ಯಾರೋ ಅಡ್ಡಾದಿಡ್ಡಿ ಕುಯ್ದಿದ್ದರು. ಕುಯ್ದದ್ದನ್ನು ಮೂಟೆ ಹೊಲಿಯುವ ದಬ್ಬಳದಲ್ಲಿ, ಗೋಣಿ ದಾರ ಹಾಕಿ ಮತ್ತೆ ಸೇರಿಸಿದ್ದರು. ಅದು ಕಸುಬಿನವರ ಕೈಯಲ್ಲ. ಯಾಕೆ ಕುಯ್ದರು ಎಂಬುದು ಅವಳಿಗೆ ಹೊಳೆಯಲಿಲ್ಲ.

ಬುಧವಾರ ಅಮೃತ ಕಾರ್ಪೆಟ್ಟಿನ ಬಣ್ಣ ಆರಿಸಲು ಬಂದಳು. ಬೂದಿ ಬಣ್ಣವೋ ಮೆರೂನೋ ಎಂದು ತುಂಡುಗಳನ್ನು ಹಿಡಿದು ನೋಡುತ್ತಿದ್ದವಳಿಗೆ ಮೆಹರುನ್ನೀಸಾ ಆ ಮೂಲೆ ತೋರಿಸಿ ಕೇಳಿದಳು, "ಇದ್ಯಾಕವ್ವ ಹಿಂಗೆ ಕುಯ್ದವ್ರೆ?"

ಅಮೃತ ನಕ್ಕಳು. "ಅಯ್ಯೋ, ಅದೊಂದು ಕತೆ ಅಕ್ಕ. ನಮ್ಮತ್ತೆ ಈ ಸರ ಒಂದ್ಸಲ ಕಳ್ಕಂಡಿದ್ರಂತೆ." ಕೊರಳಿನ ಸರವನ್ನು ಬೆರಳಲ್ಲಿ ಎತ್ತಿ ತೋರಿಸಿದಳು. "ವಾರ ಆದ್ಮೇಲೆ ಕೂತಾಗ ಸೀಟೊಳಗೆ ಏನೋ ಗಿಲಗಿಲ ಅಂತಂತೆ. ಮಾವ ಕುಡ್ಲು ತಗಂಡು ಕುಯ್ದ್ರೆ ಸಂದೀಲಿ ಜಾರಿ ಸ್ಪ್ರಿಂಗಿಗೆ ಸಿಗಾಕ್ಕಂಡಿತ್ತಂತೆ. ನಮ್ಮನೇಲಿ ಈಗ್ಲೂ ಹೇಳ್ಕಂಡು ನಗ್ತಾರೆ, ಕಾರು ಸರ ನುಂಗಿತ್ತು ಅಂತ."

ಮೆಹರುನ್ನೀಸಾ ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಒಂದೇ ವಾರ. ಅಪ್ಪನ ಮಣಿಕಟ್ಟಿನ ಬಾಸುಂಡೆ ಮಾಯುವ ಮೊದಲೇ ಸರ ಸಿಕ್ಕಿತ್ತು. ಮಳವಳ್ಳಿಯಿಂದ ಮದ್ದೂರಿಗೆ ಒಂದು ಗಂಟೆಯ ದಾರಿ. ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯನಿಗೆ ಬಂದು ಒಂದು ಮಾತು ಹೇಳಲು ಪುರಸೊತ್ತಾಗಿರಲಿಲ್ಲ.

"ನಿಮ್ಮಾವನ್ನ ಒಂದ್ಸಲ ಕರ್ಕ ಬಾ ತಾಯಿ," ಎಂದಳು. "ಸೀಟು ಮುಚ್ಚಕ್ಕೆ ಮುಂಚೆ ಅವ್ರು ನೋಡ್ಲೇಬೇಕು."

ಶುಕ್ರವಾರ ಹತ್ತು ಗಂಟೆಗೆ ಸೊಸೆಯ ಸ್ಕೂಟರಿನ ಹಿಂದೆ ಕೂತು ಕೆಂಪರಾಜು ಬಂದ. ಎಪ್ಪತ್ತಾಗಿದ್ದರೂ ಮೀಸೆಗೆ ಕಪ್ಪು ಹಚ್ಚಿದ್ದ. ಅಂಗಡಿ ನೋಡಿದವನೇ ಕಾಲು ಹಿಂದೆ ಸೆಳೆದ. ಮೆಹರುನ್ನೀಸಾ ಬೆಳಿಗ್ಗೆಯೇ ರೆಕ್ಸಿನ್ನು ಕಳಚಿದ ಸೀಟುಗಳನ್ನೆಲ್ಲ ರಸ್ತೆ ಬದಿಯಲ್ಲಿ ಸಾಲಾಗಿ ಇಟ್ಟು, ಕುಯ್ದ ಮೂಲೆಯ ರೆಕ್ಸಿನ್ನನ್ನು ಎಲ್ಲರಿಗೂ ಕಾಣುವಂತೆ ಮೇಲೆ ಹರಡಿದ್ದಳು. ಎದುರಿನ ಟೀ ಅಂಗಡಿಯ ದೇವಿರಮ್ಮನಿಗೂ ಹೇಳಿಟ್ಟಿದ್ದಳು. ಅಪ್ಪನನ್ನು ಕಟ್ಟಿದ ದಿನ ನೀರು ಕೊಡಲು ಹೋಗಿ ಆಳುಗಳಿಂದ ನೂಕಿಸಿಕೊಂಡವಳು ಆ ಮುದುಕಿ. ಟೀ ಕುಡಿಯುತ್ತಿದ್ದ ಹತ್ತು ಹನ್ನೆರಡು ಜನರನ್ನು ಕರೆದುಕೊಂಡೇ ಅವಳು ರಸ್ತೆ ದಾಟಿ ಬಂದಳು.

"ನಾನು ಪೀರ್ ಪಾಷಾ ಮಗಳು ಗೌಡ್ರೇ," ಎಂದಳು ಮೆಹರುನ್ನೀಸಾ. "ಈ ಜಾಗ ನೆನಪೈತಾ?"

"ಅಳೇ ಮಾತು ಈಗ್ಯಾಕಮ್ಮ? ಕೆಲ್ಸ ಎಲ್ಲಿಗೆ ಬಂತು ಅದೇಳು."

"ಸರ ಸಿಕ್ಕಿದ್ದು ಹೇಳಿ, ಆಮೇಲೆ ಕೆಲ್ಸದ ಮಾತು."

"ಯಾವ ಸರ?"

ಅಮೃತಳಿಗೆ ಆಗಲೇ ಏನೋ ಅರ್ಥವಾಗತೊಡಗಿತ್ತು. ಅವಳ ಕೈ ಕೊರಳಿಗೆ ಹೋಯಿತು. ದೇವಿರಮ್ಮ ಮುಂದೆ ಬಂದು ಬಂಪರನ್ನು ಕೈಯಿಂದ ತಟ್ಟಿದಳು. "ಇಲ್ಲಿಗೇ ಕಟ್ಟಾಕಿದ್ದು ಕಣವ್ವ ಅವನ್ನ. ಕಳ್ಳ ಅಂತ ಉಗೀತಿದ್ರು. ನಿಮ್ಮಾವ್ನೇ ನಿಂತಿದ್ದು ಮುಂದೆ."

"ಮಾವ," ಎಂದಳು ಅಮೃತ, "ಸರ ಸೀಟಲ್ಲೇ ಸಿಕ್ತಲ್ವಾ? ಇವ್ರ್ಗೆ ಹೇಳ್ಲೇ ಇಲ್ವಾ?"

ಕೆಂಪರಾಜು ಸುತ್ತ ನೋಡಿದ. ಭಾನುವಾರಕ್ಕೆ ಎರಡೇ ದಿನ ಉಳಿದಿತ್ತು. ಕಾರಿನೊಳಗೆ ಸ್ಟೇರಿಂಗು, ಗೇರು ಬಿಟ್ಟರೆ ಏನೂ ಇರಲಿಲ್ಲ. ದನಿ ತಗ್ಗಿಸಿ, "ಸಿಕ್ತು ಕಣಮ್ಮ. ಏನೋ ಆಗೋಯ್ತು," ಎಂದ.

"ಬಂಪರಿನ ತಾವ ನಿಂತ್ಕಂಡು ಹೇಳಿ. ನಮ್ಮಪ್ಪನ ಹೆಸರಿಡಿದು ಹೇಳಿ. ಅಲ್ಲಿ ಟೀ ಅಂಗಡಿವರ್ಗೂ ಕೇಳಂಗೆ."

ಅವನು ಬಂಪರಿನ ಪಕ್ಕ ಹೋಗಿ ನಿಂತ. "ಪೀರ್ ಪಾಷಾ ಕದ್ದಿರ್ಲಿಲ್ಲ," ಎಂದ. ಕೇಳಿಸಲಿಲ್ಲ ಎಂದು ಅವಳು ಮತ್ತೊಮ್ಮೆ ಹೇಳಿಸಿದಳು. "ಪೀರ್ ಪಾಷಾ ಕದ್ದಿರ್ಲಿಲ್ಲ. ಸರ ನಮ್ ಸೀಟಲ್ಲೇ ಇತ್ತು. ಗೊತ್ತಿದ್ದೂ ನಾನು ಸುಮ್ನಿದ್ದೆ."

ಕೆಂಪರಾಜು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. "ಆಯ್ತಲ್ಲ? ಈಗೇಳು, ನಾಳೆ ಸಂಜೆಗೆ ಕೊಡ್ತೀಯಾ?"

"ಈಗ್ಲೇ ಕೊಡ್ತೀನಿ," ಎಂದಳು ಮೆಹರುನ್ನೀಸಾ. ಬರಿ ಸ್ಪ್ರಿಂಗಿನ ಸೀಟುಗಳನ್ನು ಒಂದೊಂದಾಗಿ ಎತ್ತಿ ಕಾರಿನೊಳಗೆ ಕೂರಿಸಿ ಬೋಲ್ಟು ಬಿಗಿದಳು. ಹರಿದ ರೆಕ್ಸಿನ್ನು, ಕಿತ್ತ ಕಾರ್ಪೆಟ್ಟು ಮಡಚಿ ಡಿಕ್ಕಿಗೆ ಹಾಕಿದಳು. "ಹೇಳಿ ಅಂದೆ, ಹೇಳಿದ್ರಿ. ಹೊಲ್ಕೊಡ್ತೀನಿ ಅಂತ ನಾನೆಲ್ಲಿ ಅಂದೆ?"

ಜನರಲ್ಲಿ ಯಾರೋ ಕಿಸಕ್ಕೆಂದರು. ಕೆಂಪರಾಜು ಸರಸರನೆ ನಡೆದು ಬಸ್ ಸ್ಟ್ಯಾಂಡಿನ ಕಡೆ ಹೋದ.

ಅಮೃತ ನಿಂತೇ ಇದ್ದಳು. "ನಂಗೆ ಗೊತ್ತಿರ್ಲಿಲ್ಲ ಅಕ್ಕ."

"ನಿನ್ ಮೇಲೆ ನಂಗೇನಿಲ್ಲ ಕಣಮ್ಮ. ಆದ್ರೂ ನಾನು ಹೊಲಿಯಕಿಲ್ಲ."

ದೇವಿರಮ್ಮ ಕೊಟ್ಟ ಗೋಣಿಚೀಲವನ್ನು ಸ್ಪ್ರಿಂಗಿನ ಮೇಲೆ ಹಾಸಿಕೊಂಡು, ಸ್ಕೂಟರನ್ನು ಅಲ್ಲೇ ಬಿಟ್ಟು, ಅಮೃತ ಕಾರು ಓಡಿಸಿಕೊಂಡು ಹೋದಳು. ಕಾರು ಭಾನುವಾರದ ಮೆರವಣಿಗೆಗೆ ಹೋಗಲಿಲ್ಲ. ಶನಿವಾರ ಕೆಂಪರಾಜು ಮಂಡ್ಯದಲ್ಲಿ ಇಬ್ಬರನ್ನು ಕೇಳಿದನಂತೆ. ಅಷ್ಟರಲ್ಲಿ ಸುದ್ದಿ ಅಲ್ಲಿಗೂ ಮುಟ್ಟಿತ್ತು, ಇಬ್ಬರೂ ಕೈಯಲ್ಲಿ ಕೆಲಸವಿದೆ ಎಂದರಂತೆ.

ಕಾರು ಕಳಿಸಿದ ಶುಕ್ರವಾರ ಮಧ್ಯಾಹ್ನವೇ ಊಟಕ್ಕೆ ಮನೆಗೆ ಹೋದ ಮೆಹರುನ್ನೀಸಾ ಅಪ್ಪನಿಗೆ ಎಲ್ಲ ಹೇಳಿದಳು. ಪೀರ್ ಪಾಷಾ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿಸಿಕೊಂಡ. "ಬಿಚ್ಚಿದ ಸೀಟು ಹೊಲೀದೆ ಕಳಿಸ್ಬಾರ್ದು ಬೇಟಿ. ನಮ್ ಕಸುಬಲ್ಲ ಅದು," ಎಂದ.

"ಇನ್ನೊಂದ್ಸಲ ತಂದ್ರೂ ಹಂಗೇ ಕಳಿಸ್ತೀನಿ ಅಬ್ಬಾ."

ಅವನು ಮತ್ತೆ ತಟ್ಟೆಗೆ ಕೈಯಿಟ್ಟ. ಎರಡು ತುತ್ತು ಉಂಡ. ಆಮೇಲೆ ತಲೆಯೆತ್ತದೆ ಕೇಳಿದ:

"ನನ್ ಹೆಸರಿಡಿದು ಹೇಳಿದ್ನಾ?"

"ಹೇಳ್ದ. ಎರಡ್ ಸಲ ಹೇಳಿಸ್ದೆ."

ಪೀರ್ ಪಾಷಾ ಸಾರು ಬಡಿಸು ಎಂಬಂತೆ ತಟ್ಟೆಯನ್ನು ಮಗಳ ಕಡೆಗೆ ಸರಿಸಿದ.

"ಮೂರನೇ ಸಲಾನೂ ಹೇಳಿಸ್ಬೇಕಿತ್ತು," ಎಂದ.